ಪೆಟ್ ಸ್ಕ್ಯಾನ್ ಯಂತ್ರದ ಶೋಧಕಗಳ ಕಾಲನಿಖರತೆ: ಮಾನ್ವಿ ಭಾಗದ ರೋಗಿಗಳಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪಾಸಿಟ್ರಾನ್ ಎಮಿಷನ್ ಟೋಮೋಗ್ರಫಿ, ಸಂಕ್ಷಿಪ್ತವಾಗಿ ಪೆಟ್, ಎಂಬುದು ಶರೀರದ ಯಾವ ಭಾಗದ ಜೀವಕೋಶಗಳು ಎಷ್ಟು ಪ್ರಮಾಣದಲ್ಲಿ ಸಕ್ಕರೆಯನ್ನು ಹೀರಿಕೊಳ್ಳುತ್ತಿವೆ ಎಂಬುದನ್ನು ಚಿತ್ರರೂಪದಲ್ಲಿ ತೋರಿಸುವ ಪರೀಕ್ಷೆಯಾಗಿದೆ. ಕ್ಯಾನ್ಸರ್ ಗಡ್ಡೆಗಳು ಸಾಮಾನ್ಯ ಅಂಗಾಂಶಕ್ಕಿಂತ ಹೆಚ್ಚು ಸಕ್ಕರೆಯನ್ನು ಬಳಸುವುದರಿಂದ, ರೋಗವು ಎಲ್ಲಿಯವರೆಗೆ ಹರಡಿದೆ ಹಾಗೂ ನೀಡಿದ ಚಿಕಿತ್ಸೆಗೆ ಬಗ್ಗುತ್ತಿದೆಯೇ ಎಂಬುದನ್ನು ತಿಳಿಯಲು ವೈದ್ಯರು ಈ ಪರೀಕ್ಷೆಯನ್ನು ಸೂಚಿಸುತ್ತಾರೆ. ಸಾಮಾನ್ಯವಾಗಿ ಇದನ್ನು ಸಿಟಿ ಸ್ಕ್ಯಾನ್‌ನೊಂದಿಗೆ ಒಂದೇ ಯಂತ್ರದಲ್ಲಿ ಮಾಡಲಾಗುವುದರಿಂದ ಪೆಟ್-ಸಿಟಿ ಎಂದು ಕರೆಯುವುದು ರೂಢಿಯಲ್ಲಿದೆ.

ಇತ್ತೀಚಿನ ವರ್ಷಗಳಲ್ಲಿ ಆಸ್ಪತ್ರೆಗಳ ಫಲಕಗಳಲ್ಲಿ ಹಾಗೂ ಕರಪತ್ರಗಳಲ್ಲಿ ‘ಟೈಮ್ ಆಫ್ ಫ್ಲೈಟ್’, ‘ಡಿಜಿಟಲ್ ಪೆಟ್’ ಎಂಬ ಪದಗಳು ಕಂಡುಬರುತ್ತಿವೆ. ಇವುಗಳ ಅರ್ಥವೇನು, ಹಳೆಯ ಯಂತ್ರದಲ್ಲಿ ಮಾಡಿಸಿದ ಪರೀಕ್ಷೆಯು ಅನೂರ್ಜಿತವೇ, ಹೊಸ ಯಂತ್ರದಲ್ಲಿ ಮತ್ತೊಮ್ಮೆ ಮಾಡಿಸಬೇಕೇ ಎಂಬ ಸಂಶಯಗಳು ರೋಗಿಗಳ ಕುಟುಂಬದವರಿಗೆ ಬರುವುದು ಸಹಜ. ಮಾನ್ವಿ, ದೇವದುರ್ಗ ಮತ್ತು ರಾಯಚೂರಿನಿಂದ ನೂರಾರು ಕಿಲೋಮೀಟರ್ ಪ್ರಯಾಣಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವವರಿಗೆ ಇದು ಖರ್ಚಿನ ಪ್ರಶ್ನೆ ಮಾತ್ರವಲ್ಲ. ಎರಡು ವರದಿಗಳನ್ನು ತಪ್ಪಾಗಿ ಹೋಲಿಸಿದಲ್ಲಿ ಚಿಕಿತ್ಸೆಯ ದಿಕ್ಕೇ ಬದಲಾಗುವ ಸಂಭವವಿರುತ್ತದೆ. ಆದ್ದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ಇಲ್ಲಿ ನೀಡಲಾಗಿದೆ. ಇದರಲ್ಲಿ ಬರುವ ಕಂಪನಿಗಳ ಹೆಸರುಗಳು ಮಾಹಿತಿಗಾಗಿ ಮಾತ್ರವೇ ಹೊರತು ಯಾವುದೇ ಯಂತ್ರದ ಶಿಫಾರಸಲ್ಲ.

ಪರೀಕ್ಷೆಯು ನಡೆಯುವ ಬಗೆ

ರೋಗಿಗೆ ಎಫ್‌ಡಿಜಿ ಎಂಬ ವಿಕಿರಣಶೀಲ ಸಕ್ಕರೆಯನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ. ಇದರಲ್ಲಿರುವ ಫ್ಲೋರಿನ್-18 ಪರಮಾಣುವು ಪಾಸಿಟ್ರಾನ್ ಎಂಬ ಕಣವನ್ನು ಹೊರಸೂಸುತ್ತದೆ. ಆ ಕಣವು ಒಂದೆರಡು ಮಿಲಿಮೀಟರ್ ದೂರದೊಳಗೆ ಇಲೆಕ್ಟ್ರಾನ್ ಒಂದನ್ನು ಸಂಧಿಸಿ, ಎರಡೂ ನಾಶಗೊಂಡು, ಅವುಗಳ ಬದಲಿಗೆ ತಲಾ 511 ಕಿಲೋ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಹೊರಡುತ್ತವೆ. ರೋಗಿಯ ಸುತ್ತಲೂ ಬಳೆಯಂತೆ ಜೋಡಿಸಿರುವ ಸಾವಿರಾರು ಹರಳುಗಳು ಈ ಕಿರಣಗಳನ್ನು ಹಿಡಿಯುತ್ತವೆ. ಡಿಟೆಕ್ಟರ್ ಅಥವಾ ಶೋಧಕ ಎನ್ನುವುದು ಇವುಗಳನ್ನೇ. ಎದುರುಬದುರಾದ ಎರಡು ಶೋಧಕಗಳು ಕೆಲವೇ ನ್ಯಾನೋಸೆಕೆಂಡುಗಳ ಅಂತರದಲ್ಲಿ ಕಿರಣಗಳನ್ನು ಹಿಡಿದಲ್ಲಿ, ಅವು ಒಂದೇ ಜಾಗದಿಂದ ಹೊರಟ ಜೋಡಿ ಎಂದು ಯಂತ್ರವು ಪರಿಗಣಿಸುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗವೇ ನ್ಯಾನೋಸೆಕೆಂಡ್. ನ್ಯಾನೋಸೆಕೆಂಡಿನ ಸಾವಿರದ ಒಂದು ಭಾಗ ಪಿಕೋಸೆಕೆಂಡ್.

ಹೀಗೆ ಜೋಡಿ ಸಿಕ್ಕಿದ ಮಾತ್ರಕ್ಕೆ ಕಿರಣಗಳು ಹೊರಟ ಜಾಗ ತಿಳಿಯುವುದಿಲ್ಲ. ಆ ಎರಡು ಶೋಧಕಗಳ ನಡುವಿನ ಗೆರೆಯ ಮೇಲೆ ಎಲ್ಲೋ ಒಂದೆಡೆ ಅವು ಹುಟ್ಟಿವೆ ಎಂದಷ್ಟೇ ತಿಳಿಯುತ್ತದೆ. ಲಕ್ಷಾಂತರ ಗೆರೆಗಳನ್ನು ಗಣಕಯಂತ್ರದ ಮೂಲಕ ಹೆಣೆದಾಗ ಚಿತ್ರವು ಮೂಡುತ್ತದೆ.

ಕಾಲನಿಖರತೆ ಎಂದರೇನು

ರಾಯಚೂರು–ಮಾನ್ವಿ–ಸಿಂಧನೂರು ರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ರಸ್ತೆಯ ಯಾವುದೋ ಒಂದು ಊರಿನಿಂದ ಎರಡು ಬಸ್ಸುಗಳು ಒಂದೇ ಕ್ಷಣದಲ್ಲಿ ಹೊರಟು, ಒಂದು ರಾಯಚೂರಿನತ್ತ, ಇನ್ನೊಂದು ಸಿಂಧನೂರಿನತ್ತ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಸಾಗುತ್ತವೆ ಎಂದಿಟ್ಟುಕೊಳ್ಳೋಣ. (ನಮ್ಮ ಬಸ್ಸುಗಳು ಹಾಗೆ ಸಾಗುವುದಿಲ್ಲ ಎಂಬುದು ಬೇರೆ ಮಾತು.) ಎರಡೂ ಒಂದೇ ಹೊತ್ತಿಗೆ ತಲುಪಿದಲ್ಲಿ ಅವು ಹೊರಟದ್ದು ರಸ್ತೆಯ ನಟ್ಟನಡುವಿನಿಂದ. ರಾಯಚೂರಿನ ಬಸ್ಸು 10 ನಿಮಿಷ ಮೊದಲು ತಲುಪಿದಲ್ಲಿ ಹೊರಟ ಸ್ಥಳವು ನಡುಮಧ್ಯದಿಂದ 5 ಕಿಲೋಮೀಟರ್ ರಾಯಚೂರಿನ ಕಡೆಗಿದೆ. ಆದರೆ ಎರಡು ನಿಲ್ದಾಣಗಳ ಗಡಿಯಾರಗಳಲ್ಲಿ ಅರ್ಧ ಗಂಟೆಯ ಹೆಚ್ಚುಕಮ್ಮಿ ಇದ್ದರೆ ಲೆಕ್ಕದಲ್ಲಿ 15 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಆಗ ಹೊರಟ ಊರು ನೀರಮಾನ್ವಿಯೋ, ಮಾನ್ವಿಯೋ, ಪೋತ್ನಾಳವೋ ಎಂದು ಹೇಳಲಾಗದು.

ಪೆಟ್ ಯಂತ್ರದಲ್ಲಿ ಬಸ್ಸಿನ ಬದಲು ಬೆಳಕಿನ ವೇಗದ ಕಿರಣಗಳಿವೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಯಂತ್ರದ ಮಧ್ಯಬಿಂದುವಿನಿಂದ 15 ಸೆಂಟಿಮೀಟರ್ ಪಕ್ಕಕ್ಕಿರುವ ಗಡ್ಡೆಯಿಂದ ಹೊರಟ ಎರಡು ಕಿರಣಗಳು ಒಂದು ನ್ಯಾನೋಸೆಕೆಂಡ್ ಅಂತರದಲ್ಲಿ ತಲುಪುತ್ತವೆ. ಈ ಅಂತರವನ್ನು ಅಳೆದು ಗೆರೆಯ ಮೇಲಿನ ಸ್ಥಾನವನ್ನು ಅಂದಾಜಿಸುವ ವಿಧಾನಕ್ಕೆ ಟೈಮ್ ಆಫ್ ಫ್ಲೈಟ್ ಎಂದು ಹೆಸರು. ಶೋಧಕ ಜೋಡಿಯ ಕಾಲನಿಖರತೆಯು 500 ಪಿಕೋಸೆಕೆಂಡ್ ಇದ್ದಲ್ಲಿ ಸ್ಥಾನದ ಅನಿಶ್ಚಿತತೆ ಏಳೂವರೆ ಸೆಂಟಿಮೀಟರ್. 200 ಪಿಕೋಸೆಕೆಂಡ್ ಇದ್ದಲ್ಲಿ 3 ಸೆಂಟಿಮೀಟರ್.

ಮೂರು ಸೆಂಟಿಮೀಟರ್ ಎಂದರೂ ಅದು ಒಂದು ನಿಂಬೆಹಣ್ಣಿನಷ್ಟು ಗಾತ್ರವಾಯಿತು, ಐದಾರು ಮಿಲಿಮೀಟರಿನ ಗಡ್ಡೆಯನ್ನು ಇದು ಹೇಗೆ ತೋರಿಸೀತು ಎಂಬ ಪ್ರಶ್ನೆ ಏಳಬಹುದು. ಗಡ್ಡೆಯ ಅಂಚನ್ನು ಗುರುತಿಸುವುದು ಕಾಲಮಾಪನವಲ್ಲ. ಅದು ಹರಳಿನ ಗಾತ್ರಕ್ಕೂ ಗೆರೆಗಳ ಹೆಣಿಗೆಗೂ ಸೇರಿದ ಕೆಲಸ. ಕಾಲಮಾಪನದಿಂದ ಆಗುವ ಲಾಭವೆಂದರೆ, ಒಂದು ಗೆರೆಯ ಮಾಹಿತಿಯನ್ನು ಇಡೀ ಹೊಟ್ಟೆಯ ಅಗಲಕ್ಕೆ ಹರಡದೆ ಅದರ ಒಂದು ತುಂಡಿಗೆ ಮಾತ್ರ ಸೀಮಿತಗೊಳಿಸುವುದು. ಹೀಗಾಗಿ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳು ಕಡಿಮೆಯಾಗುತ್ತವೆ. ಸ್ಥೂಲ ಲೆಕ್ಕದಲ್ಲಿ, 40 ಸೆಂಟಿಮೀಟರ್ ಅಗಲದ ಶರೀರದಲ್ಲಿ 500 ಪಿಕೋಸೆಕೆಂಡಿನ ಯಂತ್ರವು ಕಾಲವನ್ನು ಅಳೆಯದ ಯಂತ್ರಕ್ಕೆ ಹೋಲಿಸಿದರೆ ಐದು ಪಟ್ಟು ಹೆಚ್ಚು ಎಣಿಕೆ ಮಾಡಿದಷ್ಟು ಫಲ ನೀಡುತ್ತದೆ. 200 ಪಿಕೋಸೆಕೆಂಡಿನದು ಹದಿಮೂರು ಪಟ್ಟು. ಅಗಲವು 20 ಸೆಂಟಿಮೀಟರ್ ಮಾತ್ರ ಇರುವ ತೆಳ್ಳಗಿನವರಲ್ಲಿ ಮತ್ತು ಮಕ್ಕಳಲ್ಲಿ ಈ ಲಾಭವು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಸ್ಥೂಲಕಾಯದ ರೋಗಿಗೆ ಹೊಸ ಯಂತ್ರದಿಂದ ಆಗುವಷ್ಟು ಅನುಕೂಲವು ಕೃಶಕಾಯದವರಿಗೆ ಆಗುವುದಿಲ್ಲ. ಜಾಹೀರಾತುಗಳಲ್ಲಿ ಈ ಅಂಶವನ್ನು ಹೇಳುವುದು ವಿರಳ.

ಶೋಧಕಗಳು ಬೆಳೆದು ಬಂದ ದಾರಿ

ಈ ವಿಚಾರವು ಹೊಸದಲ್ಲ. 1980ರ ದಶಕದಲ್ಲಿಯೇ ಅಮೆರಿಕ ಹಾಗೂ ಫ್ರಾನ್ಸ್ ದೇಶಗಳಲ್ಲಿ ಸೀಸಿಯಮ್ ಫ್ಲೋರೈಡ್ ಮತ್ತು ಬೇರಿಯಮ್ ಫ್ಲೋರೈಡ್ ಹರಳುಗಳನ್ನು ಬಳಸಿ ಇಂತಹ ಯಂತ್ರಗಳನ್ನು ನಿರ್ಮಿಸಲಾಗಿತ್ತು. ಈ ಹರಳುಗಳು ವೇಗವಾಗಿ ಮಿನುಗುತ್ತಿದ್ದವಾದರೂ ಗಾಮಾ ಕಿರಣಗಳನ್ನು ತಡೆದು ನಿಲ್ಲಿಸುವ ಶಕ್ತಿ ಅವಕ್ಕೆ ಸಾಲದಾಗಿ, ಅನೇಕ ಕಿರಣಗಳು ಹಾದು ಹೋಗಿಬಿಡುತ್ತಿದ್ದವು. ಬಿಜಿಒ ಎಂಬ ಬಿಸ್ಮತ್ ಹರಳು ಕಿರಣಗಳನ್ನು ಚೆನ್ನಾಗಿ ತಡೆಯುತ್ತಿತ್ತು, ಆದರೆ ಅದರ ಮಿನುಗು ಆರಲು ಸುಮಾರು 300 ನ್ಯಾನೋಸೆಕೆಂಡ್ ಬೇಕಾಗುತ್ತಿತ್ತು. ಹೀಗಾಗಿ ವೇಗವನ್ನು ಬಿಟ್ಟು ತಡೆಯುವ ಶಕ್ತಿಯನ್ನೇ ಆಯ್ದುಕೊಳ್ಳಲಾಯಿತು. ಕಾಲಮಾಪನದ ವಿಧಾನವು ಬಹುಕಾಲ ಮೂಲೆಗುಂಪಾಯಿತು.

1990ರ ಸುಮಾರಿಗೆ ಚಾರ್ಲ್ಸ್ ಮೆಲ್ಚರ್ ಎಂಬ ವಿಜ್ಞಾನಿಯು ಲುಟೀಷಿಯಮ್ ಧಾತುವನ್ನೊಳಗೊಂಡ ಎಲ್‌ಎಸ್‌ಒ ಹರಳನ್ನು ಕಂಡುಹಿಡಿದ ನಂತರ ಪರಿಸ್ಥಿತಿ ಬದಲಾಯಿತು. ಅವರು ಆಗ ಕೆಲಸ ಮಾಡುತ್ತಿದ್ದುದು ತೈಲಬಾವಿಗಳ ಪರೀಕ್ಷೆಗೆ ಸಂಬಂಧಿಸಿದ ಕಂಪನಿಯೊಂದರಲ್ಲಿ ಎಂಬುದು ಗಮನಾರ್ಹ. ಈ ಹರಳು ಭಾರವಾದುದು, ಹೆಚ್ಚು ಬೆಳಕು ನೀಡುವಂಥದು, ಮತ್ತು ಅದರ ಮಿನುಗು ಸುಮಾರು 40 ನ್ಯಾನೋಸೆಕೆಂಡುಗಳಲ್ಲಿ ಆರುತ್ತದೆ. ಇದೇ ಬಳಗದ ಎಲ್‌ವೈಎಸ್‌ಒ ಹರಳನ್ನು ಬಳಸಿ ಫಿಲಿಪ್ಸ್ ಕಂಪನಿಯು 2006ರಲ್ಲಿ ಸುಮಾರು 600 ಪಿಕೋಸೆಕೆಂಡ್ ನಿಖರತೆಯ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಆ ಬಳಿಕ ಬಂದ ಯಂತ್ರಗಳಲ್ಲಿ ಈ ಸಂಖ್ಯೆ 400ಕ್ಕಿಂತ ಕೆಳಗಿಳಿದು, 2018ರಲ್ಲಿ ಬಂದ ಸೀಮೆನ್ಸ್ ಕಂಪನಿಯ ಬಯೋಗ್ರಾಫ್ ವಿಷನ್ ಯಂತ್ರದಲ್ಲಿ ಸುಮಾರು 210 ಪಿಕೋಸೆಕೆಂಡ್ ಆಗಿದೆ.

ನಿಖರತೆಯು ಹರಳೊಂದರಿಂದಲೇ ಬರುವುದಿಲ್ಲ. ಒಂದು ಗಾಮಾ ಕಿರಣವು ಎಲ್‌ಎಸ್‌ಒ ಹರಳಿಗೆ ಬಡಿದಾಗ ಹತ್ತು ಸಾವಿರಕ್ಕೂ ಹೆಚ್ಚು ಬೆಳಕಿನ ಕಣಗಳು ಹೊಮ್ಮುತ್ತವೆ. ಕಾಲವನ್ನು ನಿರ್ಧರಿಸುವುದು ಅವುಗಳಲ್ಲಿ ಮೊಟ್ಟಮೊದಲು ತಲುಪುವ ಕೆಲವು ಕಣಗಳು ಮಾತ್ರ. ಆದ್ದರಿಂದ ಮೊದಲ ಕಣಗಳು ಎಷ್ಟು ಬೇಗ ಹುಟ್ಟುತ್ತವೆ, ಹರಳಿನೊಳಗೆ ಎಷ್ಟು ಅಲೆದಾಡುತ್ತವೆ, ಅವುಗಳನ್ನು ಹಿಡಿಯುವ ಸಾಧನವು ಎಷ್ಟು ಚುರುಕಾಗಿದೆ ಎಂಬುದೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಎಲ್‌ಎಸ್‌ಒ ಹರಳಿಗೆ ಕ್ಯಾಲ್ಸಿಯಮ್ ಅಂಶವನ್ನು ಬೆರೆಸಿದಾಗ ಮಿನುಗು ಇನ್ನಷ್ಟು ಚುರುಕಾಗುವುದು ಕಂಡುಬಂದಿದೆ. ಹರಳನ್ನು ಗಿಡ್ಡಗೊಳಿಸಿದರೆ ಬೆಳಕಿನ ಅಲೆದಾಟ ತಗ್ಗುತ್ತದೆ, ಆದರೆ ಕಿರಣಗಳು ತಪ್ಪಿಸಿಕೊಳ್ಳುತ್ತವೆ. ಈ ಕಾರಣದಿಂದಲೇ ಇಂದಿಗೂ ಸುಮಾರು 20 ಮಿಲಿಮೀಟರ್ ಉದ್ದದ ಹರಳುಗಳನ್ನು ಬಳಸಲಾಗುತ್ತಿದೆ.

ಬೆಳಕನ್ನು ಹಿಡಿಯಲು ಹಿಂದೆ ಫೋಟೋಮಲ್ಟಿಪ್ಲೈಯರ್ ಎಂಬ ಗಾಜಿನ ನಳಿಗೆಗಳಿದ್ದವು. ಈಗ ಅವುಗಳ ಜಾಗಕ್ಕೆ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಎಂಬ ಚಿಪ್ಪುಗಳು ಬಂದಿವೆ. ‘ಡಿಜಿಟಲ್ ಪೆಟ್’ ಎಂದು ಪ್ರಚಾರವಾಗುತ್ತಿರುವುದು ಬಹುಮಟ್ಟಿಗೆ ಈ ಬದಲಾವಣೆಯೇ. ಸಾವಿರ ವೋಲ್ಟಿನ ಬದಲು ಕೆಲವು ಹತ್ತು ವೋಲ್ಟುಗಳಲ್ಲಿ ಕೆಲಸ ಮಾಡುವ ಇವು ಒಂದೊಂದು ಹರಳಿನ ಗಾತ್ರಕ್ಕೂ ಸರಿಹೊಂದುವಷ್ಟು ಚಿಕ್ಕದಾಗಿರುತ್ತವೆ. ಆದರೆ ಉಷ್ಣತೆ ಏರಿಳಿದರೆ ಇವುಗಳ ಅಳತೆಯೂ ಏರಿಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಸೀಮೆಯಂತಹ ಪ್ರದೇಶದಲ್ಲಿ ಇಂತಹ ಯಂತ್ರವನ್ನು ಸ್ಥಾಪಿಸುವುದಾದರೆ ಶೈತ್ಯೀಕರಣ ಮತ್ತು ತಡೆಯಿಲ್ಲದ ವಿದ್ಯುತ್ತಿಗೆ ಯಂತ್ರದಷ್ಟೇ ಮಹತ್ವವನ್ನು ನೀಡಬೇಕಾಗುತ್ತದೆ.

ಮತ್ತೊಂದು ಕೆಲಸವು ಯಾರ ಕಣ್ಣಿಗೂ ಬೀಳದಂಥದು. ವಿದ್ಯುತ್ ಸಂಕೇತವು ತಂತಿಯಲ್ಲಿ ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಸಾಗುತ್ತದೆ. ಎರಡು ತಂತಿಗಳ ಉದ್ದದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸವಿದ್ದರೂ 100 ಪಿಕೋಸೆಕೆಂಡ್ ದೋಷ ಉಂಟಾಗುತ್ತದೆ. ಆದ್ದರಿಂದ ಸಾವಿರಾರು ಶೋಧಕಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿ, ಆ ತಿದ್ದುಪಡಿಗಳನ್ನು ಯಂತ್ರದಲ್ಲಿ ದಾಖಲಿಸಿ, ಕಾಲಕಾಲಕ್ಕೆ ಪರಿಶೀಲಿಸಬೇಕಾಗುತ್ತದೆ. ಪ್ರತಿದಿನ ಬೆಳಿಗ್ಗೆ ರೋಗಿಗಳನ್ನು ಒಳಗೆ ಕರೆಯುವ ಮುನ್ನ ತಂತ್ರಜ್ಞರು ಜರ್ಮೇನಿಯಮ್-68ರಂತಹ ವಿಕಿರಣ ಮೂಲವನ್ನಿಟ್ಟು ಯಂತ್ರವನ್ನು ಪರೀಕ್ಷಿಸುವುದು ಇದೇ ಕಾರಣಕ್ಕೆ. ಬೆಳಗಿನ ಸರದಿಯು ತಡವಾದಾಗ ರೋಗಿಗಳ ಕಡೆಯವರು ಸಿಬ್ಬಂದಿಯೊಂದಿಗೆ ವಾಗ್ವಾದಕ್ಕಿಳಿಯಬಾರದಾಗಿ ಕೋರಲಾಗಿದೆ. ಹೊಂದಾಣಿಕೆ ತಪ್ಪಿದ 200 ಪಿಕೋಸೆಕೆಂಡಿನ ಯಂತ್ರಕ್ಕಿಂತ ಚೆನ್ನಾಗಿ ಹೊಂದಿಸಿದ 500 ಪಿಕೋಸೆಕೆಂಡಿನ ಯಂತ್ರವೇ ಲೇಸು.

ಬೆಂಗಳೂರಿನಲ್ಲಿ ರೂಪುಗೊಂಡ ಯಂತ್ರ

ಕಾಲಮಾಪನವಿಲ್ಲದೆಯೂ ಒಳ್ಳೆಯ ಚಿತ್ರವನ್ನು ಪಡೆಯಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಜಿಇ ಕಂಪನಿಯು 2010ರ ದಶಕದ ಮಧ್ಯಭಾಗದಲ್ಲಿ ಹೊರತಂದ ಡಿಸ್ಕವರಿ ಐಕ್ಯೂ ಎಂಬ ಪೆಟ್-ಸಿಟಿ ಯಂತ್ರದ ಅಭಿವೃದ್ಧಿಯಲ್ಲಿ ಬೆಂಗಳೂರಿನ ಇಂಜಿನಿಯರುಗಳ ಪಾತ್ರವಿದೆ. ವೆಚ್ಚವನ್ನು ತಗ್ಗಿಸುವ ಉದ್ದೇಶವಿದ್ದ ಈ ಯಂತ್ರದಲ್ಲಿ ದುಬಾರಿಯಾದ ಲುಟೀಷಿಯಮ್ ಹರಳಿನ ಬದಲು ಹಳೆಯ ಬಿಜಿಒ ಹರಳನ್ನೇ ಬಳಸಿ, ಶೋಧಕಗಳ ಬಳೆಯನ್ನು 26 ಸೆಂಟಿಮೀಟರಿನವರೆಗೆ ಅಗಲಗೊಳಿಸಲಾಯಿತು. ಕಾಲವನ್ನು ನಿಖರವಾಗಿ ಅಳೆಯದಿದ್ದರೂ ಹೆಚ್ಚು ಕಿರಣಗಳನ್ನು ಹಿಡಿಯುವ ಮೂಲಕ ಆ ಕೊರತೆಯನ್ನು ತುಂಬಿಕೊಳ್ಳುವುದು ಇದರ ತಂತ್ರ. ಆದ್ದರಿಂದ ‘ಟೈಮ್ ಆಫ್ ಫ್ಲೈಟ್’ ಇಲ್ಲದ ಯಂತ್ರವೆಂದರೆ ಹಳತಾದ ಯಂತ್ರ ಎಂದು ಭಾವಿಸಬೇಕಾಗಿಲ್ಲ.

ಇನ್ನೊಂದು ತುದಿಯಲ್ಲಿ, ಕಾಲನಿಖರತೆಯನ್ನು 10 ಪಿಕೋಸೆಕೆಂಡಿಗೆ ತರುವ ಸವಾಲನ್ನು ಯುರೋಪಿನ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಅದು ಸಾಧ್ಯವಾದಲ್ಲಿ ಸ್ಥಾನದ ಅನಿಶ್ಚಿತತೆ ಒಂದೂವರೆ ಮಿಲಿಮೀಟರಿಗೆ ಇಳಿದು, ಗೆರೆಗಳನ್ನು ಹೆಣೆಯುವ ಲೆಕ್ಕಾಚಾರವೇ ಬೇಕಾಗುವುದಿಲ್ಲ. 2021ರಲ್ಲಿ ಜಪಾನ್ ಮತ್ತು ಅಮೆರಿಕದ ಸಂಶೋಧಕರು ಎರಡು ಶೋಧಕಗಳನ್ನು ಮಾತ್ರ ಬಳಸಿ ಸುಮಾರು 32 ಪಿಕೋಸೆಕೆಂಡ್ ನಿಖರತೆಯಲ್ಲಿ ಅಂತಹ ಚಿತ್ರವನ್ನು ಪ್ರಯೋಗಾಲಯದಲ್ಲಿ ಪಡೆದು ಪ್ರಕಟಿಸಿದ್ದಾರೆ. ಆಸ್ಪತ್ರೆಯಲ್ಲಿ ಬಳಸುವ ಯಂತ್ರವಾಗಲು ಇದು ಇನ್ನೂ ಬಹುದೂರ ಸಾಗಬೇಕಾಗಿದೆ.

ಎರಡು ವರದಿಗಳನ್ನು ಹೋಲಿಸುವಾಗ ವಹಿಸಬೇಕಾದ ಎಚ್ಚರಿಕೆ

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಭಾಗವಿದು. ಪೆಟ್ ವರದಿಯಲ್ಲಿ ಎಸ್‌ಯುವಿ ಎಂಬ ಸಂಖ್ಯೆಯನ್ನು ನಮೂದಿಸಿರುತ್ತಾರೆ. ಗಡ್ಡೆಯು ಎಷ್ಟು ಸಕ್ಕರೆಯನ್ನು ಹೀರಿಕೊಂಡಿದೆ ಎಂಬುದರ ಸೂಚಕವಿದು. ಚಿಕಿತ್ಸೆಗೆ ಮುನ್ನ ಒಂದು ಯಂತ್ರದಲ್ಲಿ 4 ಇದ್ದ ಸಂಖ್ಯೆಯು ಚಿಕಿತ್ಸೆಯ ನಂತರ ಬೇರೊಂದು ಊರಿನ ಹೊಸ ಯಂತ್ರದಲ್ಲಿ 5 ಎಂದು ಬಂದಲ್ಲಿ, ರೋಗವು ಉಲ್ಬಣಿಸಿದೆ ಎಂದು ಕುಟುಂಬದವರು ಗಾಬರಿಗೊಳ್ಳುವುದು ಸಹಜ. ಆದರೆ ಕಾಲಮಾಪನ ಹಾಗೂ ಸುಧಾರಿತ ಗಣನೆಯಿರುವ ಯಂತ್ರಗಳು ಚಿಕ್ಕ ಗಡ್ಡೆಗಳ ಹೊಳಪನ್ನು ಹೆಚ್ಚು ಯಥಾವತ್ತಾಗಿ ತೋರಿಸುವುದರಿಂದ, ಗಡ್ಡೆಯು ಕಿಂಚಿತ್ತೂ ಬದಲಾಗದೆ ಇದ್ದರೂ ಸಂಖ್ಯೆಯು ಏರಬಹುದು. ಹಳೆಯ ಯಂತ್ರವು ಕಾಣದೆ ಬಿಟ್ಟಿದ್ದ ಸಣ್ಣ ಗಂಟು ಹೊಸ ಯಂತ್ರದಲ್ಲಿ ‘ಹೊಸದಾಗಿ’ ಕಾಣಿಸಿಕೊಳ್ಳಲೂಬಹುದು. ಇದನ್ನು ತಿಳಿಯದೆ ಫಲ ನೀಡುತ್ತಿರುವ ಔಷಧಿಯನ್ನು ಅರ್ಧಕ್ಕೆ ಬಿಡುವುದು ಅಪಾಯಕರ.

ಆದ್ದರಿಂದ ಚಿಕಿತ್ಸೆಯ ಮೊದಲಿನ ಮತ್ತು ನಂತರದ ಪರೀಕ್ಷೆಗಳನ್ನು ಸಾಧ್ಯವಾದಷ್ಟೂ ಒಂದೇ ಕೇಂದ್ರದ ಒಂದೇ ಯಂತ್ರದಲ್ಲಿ, ಇಂಜೆಕ್ಷನ್ ಮತ್ತು ಸ್ಕ್ಯಾನಿನ ನಡುವೆ ಅಷ್ಟೇ ಅವಧಿಯನ್ನು ಬಿಟ್ಟು ಮಾಡಿಸುವುದು ಸೂಕ್ತ. ಬೇರೆ ಯಂತ್ರದಲ್ಲಿ ಮಾಡಿಸುವುದು ಅನಿವಾರ್ಯವಾದಲ್ಲಿ ಹಿಂದಿನ ವರದಿಯ ಕಾಗದದೊಂದಿಗೆ ಚಿತ್ರಗಳಿರುವ ಸಿಡಿಯನ್ನೂ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ವೈದ್ಯರಿಗೆ ಸಲ್ಲಿಸಿ, ಯಂತ್ರ ಬದಲಾಗಿರುವುದನ್ನು ಅವರ ಗಮನಕ್ಕೆ ತರತಕ್ಕದ್ದು. ಯಕೃತ್ತಿನ ಹೊಳಪನ್ನು ಅದೇ ಚಿತ್ರದಲ್ಲಿ ಅಳೆದು ಗಡ್ಡೆಯೊಂದಿಗೆ ಹೋಲಿಸುವ ಪದ್ಧತಿಯು ಲಿಂಫೋಮಾ ರೋಗದಲ್ಲಿ ಬಳಕೆಯಲ್ಲಿದ್ದು, ಇದರಿಂದ ಯಂತ್ರಗಳ ನಡುವಿನ ವ್ಯತ್ಯಾಸದ ಪರಿಣಾಮವು ಸ್ವಲ್ಪಮಟ್ಟಿಗೆ ತಗ್ಗುತ್ತದೆ.

ಯಂತ್ರವು ಎಷ್ಟೇ ನಿಖರವಾಗಿದ್ದರೂ ಕ್ಷಯರೋಗದ ಗಂಟಿಗೂ ಕ್ಯಾನ್ಸರ್ ಗಂಟಿಗೂ ಇರುವ ಭೇದವನ್ನು ಅದು ಹೇಳಲಾರದು. ಎರಡೂ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಸಂಶಯವಿದ್ದೆಡೆ ವೈದ್ಯರು ಬಯಾಪ್ಸಿ ಸೂಚಿಸಿದಲ್ಲಿ, ಪೆಟ್ ಪರೀಕ್ಷೆ ಆಗಿದೆಯಲ್ಲ ಎಂದು ಅದನ್ನು ನಿರಾಕರಿಸಬಾರದು.

ರೋಗಿಯ ಕಡೆಯಿಂದ ಪಾಲಿಸಬೇಕಾದ ಸಮಯ

ಫ್ಲೋರಿನ್-18 ಧಾತುವಿನ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಂದರೆ ತಯಾರಿಸಿದ ಔಷಧಿಯು ಎರಡು ಗಂಟೆಯೊಳಗೆ ಅರ್ಧವಾಗುತ್ತದೆ. ನಾಲ್ಕು ಗಂಟೆಯ ಪ್ರಯಾಣದ ನಂತರ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿದಿರುತ್ತದೆ. ಇದನ್ನು ಸೈಕ್ಲೋಟ್ರಾನ್ ಎಂಬ ಬೃಹತ್ ಯಂತ್ರದಲ್ಲಿ ತಯಾರಿಸಬೇಕಾಗುತ್ತದೆ. ಭಾರತದಲ್ಲಿ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮುಂಬಯಿಯ ವಿಕಿರಣ ವೈದ್ಯ ಕೇಂದ್ರದಲ್ಲಿ 2002ರಲ್ಲಿ ಕಾರ್ಯಾರಂಭ ಮಾಡಿತು. ಔಷಧಿಯನ್ನು ದಾಸ್ತಾನು ಇಡಲಾಗದ ಕಾರಣ, ನಿಗದಿತ ಹೊತ್ತಿಗೆ ರೋಗಿಯು ಹಾಜರಾಗದಿದ್ದಲ್ಲಿ ಅವರ ಪಾಲಿನ ಔಷಧಿ ವ್ಯರ್ಥವಾಗುತ್ತದೆ. ಮಾನ್ವಿಯಿಂದ ಹೊರಡುವವರು ಪರೀಕ್ಷೆಯ ಹಿಂದಿನ ದಿನವೇ ಊರು ತಲುಪಿ ತಂಗುವುದು ಉತ್ತಮ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಳಿಗ್ಗೆ ನೇರವಾಗಿ ಹಾಜರಾಗುವವರಲ್ಲಿ ಬೆನ್ನು ಮತ್ತು ಕತ್ತಿನ ಸ್ನಾಯುಗಳು ದಣಿದು, ಅವು ಕೂಡ ಚಿತ್ರದಲ್ಲಿ ಹೊಳೆಯುವ ಸಾಧ್ಯತೆಯಿದೆ.

ಪರೀಕ್ಷೆಗೆ ಮುನ್ನ ಕನಿಷ್ಠ 4ರಿಂದ 6 ಗಂಟೆ ಕಾಲ ಉಪವಾಸವಿರತಕ್ಕದ್ದು. ನೀರನ್ನು ಯಥೇಚ್ಛವಾಗಿ ಕುಡಿಯಬಹುದು. ಸಕ್ಕರೆ ಹಾಕಿದ ಚಹಾ, ಹಾಲು, ಎಳನೀರು ಕೂಡದು. ರಕ್ತದಲ್ಲಿನ ಸಕ್ಕರೆ ಅಂಶವು 200 ಮಿಲಿಗ್ರಾಂ ಮೀರಿದಲ್ಲಿ ಸಾಮಾನ್ಯವಾಗಿ ಪರೀಕ್ಷೆಯನ್ನು ಮುಂದೂಡಲಾಗುತ್ತದೆ. ಮಧುಮೇಹಿಗಳು ಮಾತ್ರೆ ಹಾಗೂ ಇನ್ಸುಲಿನ್ ಬಗ್ಗೆ ದಿನಾಂಕ ಗೊತ್ತುಪಡಿಸುವಾಗಲೇ ವಿಚಾರಿಸಿಕೊಳ್ಳಬೇಕು. ಸ್ವಂತ ನಿರ್ಧಾರದಿಂದ ಔಷಧಿಯನ್ನು ನಿಲ್ಲಿಸಬಾರದು. ಹಿಂದಿನ ದಿನ ಹೊಲದ ದುಡಿಮೆ, ಭಾರ ಎತ್ತುವುದು ಬೇಡ.

ಇಂಜೆಕ್ಷನ್ ನೀಡಿದ ನಂತರ ಸುಮಾರು ಒಂದು ಗಂಟೆ ಮೌನವಾಗಿ ಮಲಗಿರಬೇಕು. ಈ ಅವಧಿಯಲ್ಲಿ ಎಲೆ ಅಡಿಕೆ, ಗುಟ್ಕಾ ಅಗಿದಲ್ಲಿ ದವಡೆಯ ಸ್ನಾಯುಗಳೂ, ಮಾತನಾಡಿದಲ್ಲಿ ಧ್ವನಿಪೆಟ್ಟಿಗೆಯೂ ಔಷಧಿಯನ್ನು ಹೀರಿಕೊಳ್ಳುತ್ತವೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಪರೀಕ್ಷೆಗೆ ಬಂದವರಲ್ಲಿ ಇದರಿಂದ ವರದಿಯೇ ಗೊಂದಲಮಯವಾಗುತ್ತದೆ. ಇಂತಹ ದೋಷವನ್ನು ಯಾವ ಪಿಕೋಸೆಕೆಂಡಿನ ಯಂತ್ರವೂ ಸರಿಪಡಿಸಲಾರದು.

ಗರ್ಭಿಣಿಯರು, ಗರ್ಭಧಾರಣೆಯ ಸಂಶಯವಿರುವವರು ಹಾಗೂ ಎದೆಹಾಲುಣಿಸುವ ತಾಯಂದಿರು ಕಡ್ಡಾಯವಾಗಿ ಮೊದಲೇ ತಿಳಿಸತಕ್ಕದ್ದು. 370 ಮೆಗಾಬೆಕರೆಲ್ ಪ್ರಮಾಣದ ಎಫ್‌ಡಿಜಿಯಿಂದ ವಯಸ್ಕರಿಗೆ ತಗಲುವ ವಿಕಿರಣವು ಸುಮಾರು 7 ಮಿಲಿಸೀವರ್ಟ್. ಸಿಟಿಯಿಂದ ಬರುವುದು ಪ್ರತ್ಯೇಕ. ಕಾಲನಿಖರತೆ ಸುಧಾರಿಸಿದ ಯಂತ್ರಗಳಲ್ಲಿ ಇದಕ್ಕಿಂತ ಕಡಿಮೆ ಔಷಧಿ ಸಾಕಾಗುತ್ತದೆ ಅಥವಾ ಮಲಗುವ ಅವಧಿಯನ್ನು ಕಡಿತಗೊಳಿಸಬಹುದಾಗಿದೆ. ನೋವಿನಿಂದ ಹೆಚ್ಚು ಹೊತ್ತು ಅಲುಗಾಡದೆ ಮಲಗಲಾಗದವರಿಗೆ ಇದು ನಿಜವಾದ ಪ್ರಯೋಜನ. ಪರೀಕ್ಷೆಯ ದಿನ ಸಂಜೆಯವರೆಗೆ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳದಿರುವುದು, ಗರ್ಭಿಣಿಯರಿಂದ ದೂರವಿರುವುದು ಒಳಿತು.

ಸೌಲಭ್ಯ ಪಡೆಯುವ ವಿಧಾನ

ಪೆಟ್ ಪರೀಕ್ಷೆಯನ್ನು ರೋಗಿಯು ತಾನಾಗಿಯೇ ಕೋರುವಂತಿಲ್ಲ. ತಜ್ಞವೈದ್ಯರ ಸೂಚನಾ ಪತ್ರವು ಅವಶ್ಯಕ. ಮಾನ್ವಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್ ಆಸ್ಪತ್ರೆಗೆ ಪತ್ರ ಪಡೆದು ಹೋಗುವುದು ಕ್ರಮಬದ್ಧ ಮಾರ್ಗವಾಗಿದೆ. ಮುಂದಿನ ಚಿಕಿತ್ಸೆಗಾಗಿ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರಕ್ಕೆ ಅಥವಾ ಬೆಂಗಳೂರಿಗೆ ಕಳುಹಿಸುವ ಬಗ್ಗೆ ಅಲ್ಲಿನ ವೈದ್ಯರು ತೀರ್ಮಾನಿಸುತ್ತಾರೆ.

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ, ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನೆರವು ದೊರೆಯುತ್ತದೆ. ಸೂಚಿಸಲಾದ ಪೆಟ್ ಪರೀಕ್ಷೆಯು ಚಿಕಿತ್ಸೆಯ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಹಣ ಪಾವತಿಸುವ ಮುನ್ನವೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ಪಾವತಿಸಿದ ಮೇಲೆ ಮರುಪಾವತಿ ಕೇಳುವುದು ಕಷ್ಟಸಾಧ್ಯ. ಹೈದರಾಬಾದಿಗೆ ಹೋಗಲು ಉದ್ದೇಶಿಸಿರುವವರು ಆ ಆಸ್ಪತ್ರೆಯು ಯೋಜನೆಯಡಿ ನೋಂದಾಯಿತವಾಗಿದೆಯೇ ಎಂಬುದನ್ನು ಹೊರಡುವ ಮೊದಲು 104 ಸಹಾಯವಾಣಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಪಡಿತರ ಚೀಟಿ, ಆಧಾರ್, ಸೂಚನಾ ಪತ್ರ, ಬಯಾಪ್ಸಿ ವರದಿ, ಕ್ರಿಯಾಟಿನಿನ್ ಹಾಗೂ ಸಕ್ಕರೆ ಪರೀಕ್ಷೆಯ ವರದಿಗಳು, ಈ ಹಿಂದೆ ಮಾಡಿಸಿದ ಎಲ್ಲ ಸ್ಕ್ಯಾನುಗಳ ಸಿಡಿಗಳು ಜೊತೆಯಲ್ಲಿರಬೇಕು. ಕೊನೆಯ ಕಿಮೋಥೆರಪಿ, ವಿಕಿರಣ ಚಿಕಿತ್ಸೆ ಅಥವಾ ಶಸ್ತ್ರಕ್ರಿಯೆಯ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಅನುಕೂಲಕರ. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಹಾಗೂ ಒಬ್ಬ ಜೊತೆಗಾರರಿಗೆ ರೈಲ್ವೆ ಇಲಾಖೆಯ ರಿಯಾಯಿತಿ ಲಭ್ಯವಿದ್ದು, ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರವನ್ನು ಪಡೆದು ರಾಯಚೂರು ರೈಲು ನಿಲ್ದಾಣದ ಮುಂಗಡ ಟಿಕೆಟ್ ಕೌಂಟರಿನಲ್ಲಿ ಹಾಜರುಪಡಿಸತಕ್ಕದ್ದು.